ಅರವತ್ನಾಲ್ಕು ಗಳದ ಅರಮನೆ

"ಸೌದೆಯಿಂದ ಅರಮನೆ ಕಟ್ಟಿ ತೋರಿಸ್ತೀನಿ, ನೋಡ್ತಾ ಇರು!" ಎಂದು ನಾನು ಎದೆ ತಟ್ಟಿ ಹೇಳಿದಾಗ ನನ್ನ ಹೆಂಡತಿ ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿದ್ದಳು. ಹಾಗಾಗಿ ತಕ್ಷಣ ಏನೂ ಹೇಳಲಿಲ್ಲ. ಅದನ್ನೇ ನಾನು ಒಪ್ಪಿಗೆ ಎಂದುಕೊಂಡೆ. ಮೊದಲ ತಪ್ಪು ಅಲ್ಲೇ ಆಯಿತು!

ನನ್ನ ಹೆಂಡತಿ ದರ್ಜಿ. ಮುಖ್ಯರಸ್ತೆಯ ಮೂಲೆಯಲ್ಲಿ ಅವಳದೊಂದು ಹೊಲಿಗೆ ಅಂಗಡಿ. ಆರು ಮೆಷಿನ್ನು, ಬಟ್ಟೆ ಕತ್ತರಿಸುವ ಒಂದು ಉದ್ದನೆಯ ಮೇಜು, ಹೊಲಿಯಲು ಐದು ಜನ ಹೆಂಗಸರು. ಆ ಕಟ್ಟಡವನ್ನು ಕೆಡವುತ್ತಾರಂತೆ, ಮುಂದಿನ ತಿಂಗಳ ಕೊನೆಗೆ ಖಾಲಿ ಮಾಡಬೇಕಂತೆ. ಅದರ ಮರುವಾರವೇ ಆಸ್ಪತ್ರೆಗೆ ಎಂಬತ್ತು ನರ್ಸ್ ಕೋಟು ಹೊಲಿದು ಕೊಡಬೇಕು. ಅಂಗಡಿ ತೆರೆದು ಹನ್ನೊಂದು ವರ್ಷದಲ್ಲಿ ಅವಳಿಗೆ ಸಿಕ್ಕ ಅತಿ ದೊಡ್ಡ ಆರ್ಡರು ಅದು. ಎರಡು ದಿನ ಮೆಷಿನ್ ನಿಂತರೂ ಆರ್ಡರು ಕೈತಪ್ಪುತ್ತದೆ.

"ಹಿತ್ತಲಲ್ಲಿ ನಾಲ್ಕು ಕಬ್ಬಿಣದ ಪೈಪು ನಿಲ್ಸಿ, ಮೇಲೊಂದು ಶೀಟು ಹೊದಿಸಿಬಿಡಿ. ನಂಗೆ ಅಷ್ಟೇ ಸಾಕು ಕಣ್ರೀ," ಎಂದಿದ್ದಳು ಪಾಪ.

ನಾಲ್ಕು ಪೈಪು! ಒಂದು ಶೀಟು! ಇಪ್ಪತ್ತೆರಡು ವರ್ಷ ಕಟ್ಟಡಗಳ ವಿನ್ಯಾಸ ಮಾಡಿದ ಇಂಜಿನಿಯರನ ಹಿತ್ತಲಲ್ಲಿ! ನಿಜ ಹೇಳಬೇಕೆಂದರೆ ಆ ಇಪ್ಪತ್ತೆರಡು ವರ್ಷದಲ್ಲಿ ನಾನು ಹೆಚ್ಚಾಗಿ ಮಾಡಿದ್ದು ನೀರಿನ ತೊಟ್ಟಿ, ಮೆಟ್ಟಿಲು ಮತ್ತು ಕಾಂಪೌಂಡ್ ಗೋಡೆ. ಆದರೆ ಎಂಥಾ ತೊಟ್ಟಿಗಳು! ಇವತ್ತಿಗೂ ಒಂದೂ ಸೋರಿಲ್ಲ. ಒಂದು ಸೋರಿತ್ತು, ಅದು ಪ್ಲಂಬರನ ತಪ್ಪು.

ಅಲ್ಲದೆ ಆ ವಾರವಷ್ಟೇ ನಾನು ದುಂಡು ಮರದ ಬಗ್ಗೆ ಓದಿದ್ದೆ. ನೆಡುತೋಪಿನಲ್ಲಿ ಗಿಡಗಳು ಒತ್ತೊತ್ತಾಗಿ ಬೆಳೆದಾಗ, ದೊಡ್ಡವಕ್ಕೆ ಜಾಗ ಆಗಲಿ ಎಂದು ನಡುವಿನ ಸಣ್ಣ ಮರಗಳನ್ನು ಕಡಿದು ತೆಗೆಯುತ್ತಾರೆ. ತೋಳಿನಷ್ಟು ದಪ್ಪ, ಕೊಯ್ದರೆ ಹಲಗೆಯಾಗದು, ಯಾರೂ ಮೂಸುವುದಿಲ್ಲ. ನೇರ ಸೌದೆ ಡಿಪೋಗೆ ಹೋಗುತ್ತವೆ. ಆದರೆ ಅದನ್ನು ಕೊಯ್ಯದೆ, ದುಂಡಗೆ ಇದ್ದ ಹಾಗೆಯೇ ಬಳಸಿ ನೋಡಿ! ಮರದ ನಾರು ಎಲ್ಲೂ ಕಡಿದಿರುವುದಿಲ್ಲ. ಬುಡದಿಂದ ತುದಿಯವರೆಗೆ ಒಂದೇ ಬಿಗಿ. ಅಷ್ಟೇ ದಪ್ಪದ ಕೊಯ್ದ ಮರ ಅದರ ಮುಂದೆ ಸಪ್ಪೆ. ಗಾಳಿಗೆ ವರ್ಷಗಟ್ಟಲೆ ಬಾಗಿ, ಎದ್ದು, ಬಾಗಿ, ಎದ್ದು ಗಟ್ಟಿಯಾದ ಮರವನ್ನು ನಾವು ಒಲೆಗೆ ಹಾಕುತ್ತೇವಲ್ಲಾ ಎಂದು ನನಗೆ ನಿಜವಾಗಿಯೂ ಹೊಟ್ಟೆ ಉರಿದಿತ್ತು.

ಇದನ್ನೆಲ್ಲ ಹೆಂಡತಿಗೆ ಅರ್ಧ ಗಂಟೆ ವಿವರಿಸಿದೆ. ಅವಳು ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, "ಮೂವತ್ತನೇ ತಾರೀಕಿಗೆ ಆಗುತ್ತಾ?" ಎಂದಳು.

"ಇಪ್ಪತ್ತೊಂಬತ್ತಕ್ಕೇ ಆಗುತ್ತೆ!"

"ಆಗ್ಲಿಲ್ಲ ಅಂದ್ರೆ ಆರು ಮೆಷಿನ್ನೂ ನಿಮ್ಮ ಮಂಚದ ಮೇಲೆ ಬರ್ತವೆ, ನೆನಪಿರ್ಲಿ."

ಮರುದಿನವೇ ಸೌದೆ ಡಿಪೋಗೆ ಹೋದೆ. ಹದಿನೆಂಟು ಅಡಿ ಉದ್ದದ ಗಳಗಳು ರಾಶಿ ಬಿದ್ದಿದ್ದವು. ನಾನು ಒಂದೊಂದನ್ನೇ ಎತ್ತಿ, ಕಣ್ಣಿನ ನೇರಕ್ಕೆ ಹಿಡಿದು, ಬೆರಳಿನಿಂದ ತಟ್ಟಿ ನೋಡುತ್ತಿದ್ದುದನ್ನು ಡಿಪೋದವನು ಬಹಳ ಹೊತ್ತು ಸಹಿಸಿಕೊಂಡ. ಕೊನೆಗೆ, "ಸಾಮಿ, ಯಾವ್ದಾದ್ರೂ ಒಂದೇ ಥರ ಉರಿಯೋದು!" ಎಂದ.

"ಉರಿಸೋಕಲ್ಲಪ್ಪ, ಕಟ್ಟಡಕ್ಕೆ."

"ಇದ್ರಲ್ಲಾ?" ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಒಳ್ಳೇದು. ಬಿದ್ರೆ ಒಲೆಗಾಗುತ್ತೆ."

ಅರವತ್ನಾಲ್ಕು ಗಳಗಳನ್ನು ತೂಕಕ್ಕೆ ಹಾಕಿಸಿ ತಂದೆ. ಜಗತ್ತಿನಲ್ಲಿ ತೊಲೆಗಳನ್ನು ಸೌದೆ ತಕ್ಕಡಿಯಲ್ಲಿ ತೂಗಿ ತಂದ ಮೊದಲ ಇಂಜಿನಿಯರ್ ನಾನೇ ಇರಬೇಕು!

ಆಮೇಲೆ ನಡೆದದ್ದು ಘನಘೋರ ತಪಸ್ಸು. ಮೂರು ವಾರ, ದಿನಾ ಆಫೀಸು ಮುಗಿದ ಮೇಲೆ ಹಿತ್ತಲಲ್ಲಿ ಕುಳಿತು ತೊಗಟೆ ಸುಲಿದೆ. ಪ್ರತಿಯೊಂದು ಗಳದ ನಡುಮಧ್ಯಕ್ಕೆ ಟೇಪು ಸುತ್ತಿ ಸುತ್ತಳತೆ ತೆಗೆದೆ. ಗಂಟು ಎಲ್ಲಿದೆ, ಬಿರುಕು ಎಲ್ಲಿದೆ, ಯಾವ ಕಡೆಗೆ ವಾಲಿದೆ ಎಂದು ಬರೆದೆ. ಒಂದು ಗಳಕ್ಕೆ ಒಂದು ಪುಟದಂತೆ ಅರವತ್ನಾಲ್ಕು ಪುಟಗಳ ಫೈಲು ತಯಾರಾಯಿತು. ನನ್ನದೇ ಜಾತಕವನ್ನು ಯಾರೂ ಅಷ್ಟು ಶ್ರದ್ಧೆಯಿಂದ ಬರೆದಿರಲಾರರು! ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಒಂದೊಂದಕ್ಕೂ ಒಂದೊಂದು ಜಾಗ ನಿಗದಿ ಮಾಡಿದೆ. ಅಡ್ಡಡ್ಡ ಮಲಗಿಸಿ ಒಂದರ ಮೇಲೊಂದು ಪೇರಿಸಿದ ಗಳಗಳಿಂದ ಮೂರು ಕಡೆ ಸೊಂಟದೆತ್ತರದ ಗೋಡೆ. ಅದರ ಪಕ್ಕ ಆರು ಕಂಬ. ಕಂಬಗಳ ತಲೆಯ ಮೇಲೆ ತ್ರಿಕೋನದ ಮೂರು ಚೌಕಟ್ಟು, ಅವುಗಳ ಮೇಲೆ ಸೂರು. ನಲವತ್ತೊಂದನೇ ಗಳ ಮಾತ್ರ ಬಿಲ್ಲಿನಂತೆ ಬಾಗಿತ್ತು. ಅದರ ಪುಟದ ಮೇಲೆ "ಅನರ್ಹ" ಎಂದು ಕೆಂಪು ಶಾಯಿಯಲ್ಲಿ ಬರೆದೆ.

ಕೊನೆಯದಾಗಿ ಪ್ರತಿ ಗಳದ ಬುಡದ ಕಡೆ, ಕಡಿದ ಮುಖದ ಮೇಲೆ, ಕೆಂಪು ಬಣ್ಣದಲ್ಲಿ ನಂಬರ್ ಹಾಕಿದೆ. ಮೈಮೇಲೆ ಹಾಕಿದರೆ ಅಂದ ಕೆಡುತ್ತದಲ್ಲವೇ! ಎರಡೂ ಪಕ್ಕದ ಗೋಡೆಗಳ ಗಳಗಳ ನಂಬರೆಲ್ಲಾ ಬಾಗಿಲ ಕಡೆಗೇ ಮುಖ ಮಾಡಿರಬೇಕು ಎಂದೂ ಫೈಲಿನಲ್ಲಿ ಬರೆದೆ. ಬಂದವರು ಬೀರುವಿನ ಫೈಲುಗಳ ಹಾಗೆ ಸಾಲಾಗಿ ಓದಿಕೊಳ್ಳಬಹುದು. ಆಫೀಸಿನಲ್ಲಿ ದೊಡ್ಡ ಸಾಹೇಬರಿಗೂ ಹೇಳಿಬಿಟ್ಟೆ: "ಸಾರ್, ಮೂವತ್ತನೇ ತಾರೀಕು ನಮ್ಮನೆಗೆ ಬರಲೇಬೇಕು. ಇಂಥದ್ದನ್ನ ನೀವು ನೋಡಿರಲ್ಲ!"

ಹದಿನೆಂಟನೇ ತಾರೀಕು ಬಡಗಿ ಮೇಸ್ತ್ರಿ ತನ್ನ ಇಬ್ಬರು ಕೆಲಸಗಾರರೊಂದಿಗೆ ಬಂದ. ಮೂವತ್ತು ವರ್ಷದ ಅನುಭವಸ್ಥ, ಮಿತಭಾಷಿ. ನಾನು ಫೈಲನ್ನು ಅವನ ಕೈಗಿತ್ತು, "ನಂಬರ್ ಪ್ರಕಾರ ಕೆಲಸ. ಒಂದೂ ಆಚೀಚೆ ಆಗಬಾರ್ದು," ಎಂದು ಹೇಳಿ ಆಫೀಸಿಗೆ ಹೋದೆ. ಮನಸ್ಸು ತಡೆಯದೆ ಮಧ್ಯಾಹ್ನ ಎರಡು ಗಂಟೆಗೆ ರಜೆ ಹಾಕಿ ಓಡಿಬಂದೆ.

ಹಿತ್ತಲಲ್ಲಿ ಅರವತ್ನಾಲ್ಕು ಗಳಗಳನ್ನೂ ನೀಟಾಗಿ ಜೋಡಿಸಿಟ್ಟಿದ್ದರು. ಎರಡೂ ತುದಿಗಳು ಬೆಣ್ಣೆಯಲ್ಲಿ ಚಾಕು ಆಡಿಸಿದಷ್ಟು ನಯವಾಗಿದ್ದವು. ಅಂದರೆ, ಬರೀ ನಯವಾಗಿದ್ದವು! ನಂಬರ್ ಇರಲಿಲ್ಲ!

"ಮೇಸ್ತ್ರೀ! ನಂಬರ್ ಎಲ್ಲಿ?"

"ಎಲ್ಲೂ ಹೋಗಿಲ್ಲ ಸಾರ್. ಒಂದೂ ಬಿಡದೆ ಆ ಬುಟ್ಟಿಗೆ ಹಾಕಿಟ್ಟಿದೀನಿ."

ನೋಡಿದರೆ ಬುಟ್ಟಿಯ ತುಂಬಾ ಎರಡೆರಡು ಇಂಚು ದಪ್ಪದ ಅರವತ್ನಾಲ್ಕು ಮರದ ಬಿಲ್ಲೆಗಳು. ಪ್ರತಿಯೊಂದರ ಮೇಲೂ ನನ್ನ ಕೈಬರಹದ ಕೆಂಪು ನಂಬರ್ ನಗುತ್ತಿತ್ತು!

"ಯಾಕಯ್ಯಾ ಕತ್ತರಿಸಿದೆ?"

"ತುದಿ ಸೀಳು ಬಿಟ್ಟಿರುತ್ತಲ್ಲ ಸಾರ್. ಎರಡೂ ಕಡೆ ಒಂದಿಷ್ಟು ತೆಗೀದೆ ಯಾವ ಬಡಗೀನೂ ಕೆಲಸ ಶುರು ಮಾಡಲ್ಲ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ."

ನನಗೆ ಗೊತ್ತಿರಲಿಲ್ಲ. ಕಾಂಕ್ರೀಟಿನ ತುದಿಯನ್ನು ಯಾರೂ ಹೀಗೆ ಕತ್ತರಿಸುವುದಿಲ್ಲ! ಮೂರು ವಾರದ ತಪಸ್ಸು ಬುಟ್ಟಿಯಲ್ಲಿ ಬಿದ್ದಿತ್ತು. ಯಾವ ಗಳ ಯಾವುದು ಎಂದು ತಿಳಿಯದೆ ಫೈಲು ರದ್ದಿ. ಫೈಲಿಲ್ಲದೆ ಗೋಡೆಯಿಲ್ಲ, ಗೋಡೆಯಿಲ್ಲದೆ ಸೂರಿಲ್ಲ. ಕಣ್ಣು ಮುಚ್ಚಿದರೆ ನನ್ನ ಮಂಚದ ಮೇಲೆ ಆರು ಹೊಲಿಗೆ ಮೆಷಿನ್ನುಗಳು!

ಒಂದು ಬಿಲ್ಲೆ ಹಿಡಿದು ಗಳದಿಂದ ಗಳಕ್ಕೆ ಓಡಾಡಿದೆ. ಇದಕ್ಕೆ ಹಿಡಿದೆ, ಕೂರಲಿಲ್ಲ. ಅದಕ್ಕೆ ಹಿಡಿದೆ, ಕೂತಂತೆ ಕಂಡಿತು. ಎಲ್ಲವೂ ದುಂಡಗೇ ಇದ್ದವು! ಒಂದು ಗಂಟೆಯಲ್ಲಿ ಐದು ಜೋಡಿ ಮಾಡಿದೆ. ಮೇಸ್ತ್ರಿ ಬಗ್ಗಿ ನೋಡಿ ಅದರಲ್ಲಿ ಮೂರು ತಪ್ಪು ಎಂದ.

ಅಷ್ಟರಲ್ಲಿ ಹೆಂಡತಿ ಅಂಗಡಿಯಿಂದ ಊಟಕ್ಕೆ ಬಂದಳು. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ತಲೆಯ ಮೇಲೆ ಕೈ ಹೊತ್ತು ಕೂತಿದ್ದ ನನ್ನನ್ನು, ಬುಟ್ಟಿಯನ್ನು, ಮೇಸ್ತ್ರಿಯನ್ನು ಒಮ್ಮೆ ನೋಡಿದಳು.

"ಏನ್ರೀ ಇದು? ಬೇಳೆ ಆರಿಸೋ ಹಾಗೆ ಮರ ಆರಿಸ್ತಾ ಇದೀರಿ?"

ಹೇಳಿದೆ. ಅವಳು ಒಂದು ಬಿಲ್ಲೆ ಎತ್ತಿ ಬೆಳಕಿಗೆ ಹಿಡಿದಳು, ಗಳಗಳ ತುದಿಗಳ ಮೇಲೂ ಒಮ್ಮೆ ಕಣ್ಣಾಡಿಸಿದಳು.

"ಇದ್ರಲ್ಲಿ ಬಳೆ ಬಳೆ ಥರ ಗೆರೆ ಇದೆಯಲ್ಲ, ನಡೂಮಧ್ಯ ಇಲ್ಲ, ಒಂದು ಪಕ್ಕಕ್ಕೆ ಸರಿದಿದೆ. ಇಲ್ಲೊಂದು ಬಿರುಕು, ಇಲ್ಲೊಂದು ಕಪ್ಪು ಚುಕ್ಕೆ. ಆ ಕಡೆಯಿಂದ ಏಳನೇದು ನೋಡಿ ಮೇಸ್ತ್ರಿ."

ಮೇಸ್ತ್ರಿ ಏಳನೆಯದಕ್ಕೆ ಬಿಲ್ಲೆ ಹಿಡಿದ. ಗೆರೆಗೆ ಗೆರೆ, ಬಿರುಕಿಗೆ ಬಿರುಕು ಕೂಡಿ, ಕತ್ತರಿಸಿಯೇ ಇಲ್ಲವೇನೋ ಎಂಬಂತೆ ಕೂತುಬಿಟ್ಟಿತು!

"ಅದು ಹೇಗೆ ಗೊತ್ತಾಯ್ತೇ?"

"ಚೌಕಳಿ ಬಟ್ಟೇಲಿ ಜೇಬು ಕೂರಿಸೋವಾಗ ಇನ್ನೇನು ಮಾಡ್ತೀವಿ? ಗೆರೆಗೆ ಗೆರೆ ಕೂಡ್ಲಿಲ್ಲ ಅಂದ್ರೆ ಗಿರಾಕಿ ಮುಖಕ್ಕೆ ಎಸೀತಾರೆ."

ಊಟ ಮರೆತು ನಿಂತಳು. ಬಿಲ್ಲೆ ಎತ್ತುವುದು, ಒಂದು ಕ್ಷಣ ನೋಡುವುದು, ಬೆರಳು ತೋರುವುದು. ಮೇಸ್ತ್ರಿ ಓಡಾಡುವುದು, "ಸರಿ ಅಮ್ಮಾ" ಎನ್ನುವುದು. ಸಂಜೆ ಐದರೊಳಗೆ ಅರವತ್ನಾಲ್ಕೂ ಆಯಿತು. ಒಂದೂ ತಪ್ಪಿಲ್ಲ! ಮದುವೆಯಾಗಿ ಹತ್ತೊಂಬತ್ತು ವರ್ಷ ಈ ಕಣ್ಣುಗಳ ಎದುರಿಗೇ ಕೂತು ಊಟ ಮಾಡಿದ್ದೇನೆ. ಅವು ಇಂಥ ಕಣ್ಣುಗಳೆಂದು ನನಗೆ ತಿಳಿದಿರಲಿಲ್ಲ. ಮೆಚ್ಚಿ ಏನಾದರೂ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ನಂಬರುಗಳು ಮರಳಿ ಬಂದ ಸಂತೋಷಕ್ಕೆ ನನ್ನ ಜಂಭವೂ ಮರಳಿ ಬಂದುಬಿಟ್ಟಿತ್ತು. "ಸರಿ, ಇನ್ನು ಫೈಲಿನ ಪ್ರಕಾರ ನಡೀಲಿ!" ಎಂದು ಗರ್ಜಿಸಿದೆ.

ಅವಳು ಹೋಗುವ ಮುನ್ನ ಫೈಲಿನ ಪುಟಗಳನ್ನು ತಿರುವಿದಳು. "ರೀ, ಎಲ್ಲದಕ್ಕೂ ಒಂದೇ ಅಳತೆ ಬರ್ದಿದೀರಲ್ಲ? ಸೊಂಟದ್ದು ಮಾತ್ರ?"

"ಅದು ಸರಾಸರಿ ಕಣೇ. ಇಂಜಿನಿಯರಿಂಗು. ನಿಂಗೆ ಅರ್ಥ ಆಗಲ್ಲ."

ಅವಳು ಏನೋ ಹೇಳಬೇಕೆಂದು ಬಾಯಿ ತೆರೆದವಳು ಸುಮ್ಮನಾದಳು. ಈ ಸಲ ಬಾಯಲ್ಲಿ ಗುಂಡುಸೂಜಿ ಇರಲಿಲ್ಲ. ನಾನು ಎಚ್ಚೆತ್ತುಕೊಳ್ಳಬೇಕಿತ್ತು!

ಒಂದು ವಾರ ಕೆಲಸ ಭರದಿಂದ ನಡೆಯಿತು. ಕಂಬಗಳು ನಿಂತವು. ತ್ರಿಕೋನದ ಚೌಕಟ್ಟುಗಳು ನೆಲದ ಮೇಲೆ ಸಿದ್ಧವಾದವು. ದುಂಡು ಗಳಕ್ಕೆ ದುಂಡು ಗಳ ಕೂಡಿಸುವುದು ಸುಲಭವಲ್ಲ, ಒಂದರ ಹೊಟ್ಟೆಯನ್ನು ಇನ್ನೊಂದರ ಬೆನ್ನಿಗೆ ತಕ್ಕಂತೆ ಕೆತ್ತಬೇಕು. ಮೇಸ್ತ್ರಿಯ ಉಳಿ ಅದನ್ನು ಮಾಡಿದ ಚಂದ ನೋಡಿ ನಾನು ಎರಡು ದಿನ ಆಫೀಸಿಗೆ ತಡವಾಗಿ ಹೋದೆ. ಒಮ್ಮೆ ಮಾತ್ರ ಅವನು ತಲೆ ಕೆರೆದುಕೊಂಡು, "ಸಾರ್, ಗೋಡೇಲಿ ಬುಡ ಎಲ್ಲಾ ಬಾಗಿಲ ಕಡೆಗೇ ಇಡೋದಾ?" ಎಂದ.

"ಫೈಲಲ್ಲಿ ಏನಿದೆ?"

"ಫೈಲಲ್ಲಿ ಹಾಗೇ ಇದೆ."

"ಮತ್ತೆ?"

ಅವನು ಹಾಗೇ ಇಟ್ಟ. ಇಪ್ಪತ್ತಾರನೇ ತಾರೀಕಿಗೆ ಎರಡೂ ಪಕ್ಕದ ಗೋಡೆಗಳು ಒಂಬತ್ತು ಸಾಲು ಎದ್ದವು. ದಾರ, ಗುಂಡಿ ಇಡಲೆಂದು ಮೇಲೆ ಉದ್ದಕ್ಕೆ ಒಂದು ಹಲಗೆಯನ್ನೂ ಹಾಸಿದ. ಸಂಜೆ ಹೆಂಡತಿಯನ್ನು ಕೈಹಿಡಿದು ಕರೆತಂದೆ.

"ನೋಡು! ನಿನ್ನ ಅರಮನೆ!"

ಅವಳು ಚೀಲದಿಂದ ಒಂದು ದಾರದ ರೀಲು ತೆಗೆದು ಬಾಗಿಲ ಬಳಿ ಹಲಗೆಯ ಮೇಲೆ ಮಲಗಿಸಿದಳು. ರೀಲು ಒಂದು ಕ್ಷಣ ಯೋಚಿಸಿತು. ಆಮೇಲೆ ಮೆಲ್ಲಗೆ ಹೊರಟಿತು. ಆಮೇಲೆ ಜೋರಾಗಿ ಹೊರಟಿತು! ಹದಿನೆಂಟು ಅಡಿಯನ್ನೂ ಓಡಿ ಮೂಲೆಯಲ್ಲಿ ಠಣ್ಣೆಂದು ಬಿತ್ತು. ಹಿಂದೆ ಉದ್ದನೆಯ ಬಿಳಿ ದಾರ.

ನಾನು ರಸಮಟ್ಟ ತಂದು ಇಟ್ಟೆ. ಅದರೊಳಗಿನ ಗುಳ್ಳೆ ಹೆದರಿ ಒಂದು ಮೂಲೆಗೆ ಅಂಟಿಕೊಂಡಿತು. ಅಳೆದು ನೋಡಿದರೆ ಗೋಡೆ ಬಾಗಿಲ ಕಡೆ ಒಂದು ಗೇಣು ಎತ್ತರ! ಕಂಪ್ಯೂಟರಿನಲ್ಲಿ ನನ್ನ ಗಳಗಳೆಲ್ಲ ಎರಡೂ ಕಡೆ ಒಂದೇ ದಪ್ಪದ ಕೊಳವೆಗಳಾಗಿದ್ದವು. ಆದರೆ ಮರ ಎಲ್ಲಾದರೂ ಕೊಳವೆಯ ಹಾಗೆ ಬೆಳೆಯುತ್ತದೆಯೇ? ಬುಡ ದಪ್ಪ, ತುದಿ ಸಣ್ಣ. ಒಂದೊಂದು ಗಳದಲ್ಲೂ ಒಂದೊಂದು ಇಂಚು ವ್ಯತ್ಯಾಸ. ಒಂಬತ್ತು ಬುಡಗಳನ್ನೂ ನಾನು ಒಂದೇ ಕಡೆ ಪೇರಿಸಿದ್ದೆ, ನಂಬರ್ ಚೆನ್ನಾಗಿ ಕಾಣಲಿ ಎಂದು! ಆ ನಂಬರುಗಳೋ, ಬುಟ್ಟಿಯಲ್ಲಿದ್ದವು!

ನಾನು ಗೋಡೆಗೆ ಒರಗಿ ನಿಂತೆ. ಗೋಡೆಯೂ ಓರೆ, ನಾನೂ ಓರೆ. ಇನ್ನು ನಾಲ್ಕೇ ದಿನ. "ಕ್ಷಮಿಸೇ, ನಿನ್ನ ಆರ್ಡರು ನನ್ನಿಂದ ಹಾಳಾಯ್ತು. ನಾಲ್ಕು ಪೈಪು ಒಂದು ಶೀಟೇ ಸರಿಯಿತ್ತು," ಎಂದೆ.

ಅವಳು ಬೈಯಲಿಲ್ಲ. ಅದೇ ಭಯಂಕರ! ಗೋಡೆಯ ಮೇಲೆ ಕೈ ಸವರುತ್ತಾ ಆ ತುದಿಯಿಂದ ಈ ತುದಿಯವರೆಗೆ ನಡೆದಳು.

"ರೀ, ಸ್ಕರ್ಟಿನ ಪೀಸು ನೋಡಿದೀರಾ? ಮೇಲೆ ಸಣ್ಣ, ಕೆಳಗೆ ಅಗಲ. ಬಟ್ಟೆ ಮೇಲೆ ಗೆರೆ ಹಾಕೋವಾಗ ಎಲ್ಲದನ್ನೂ ಒಂದೇ ದಿಕ್ಕಿಗೆ ಇಟ್ರೆ ಒಂದು ಕಡೆ ಗುಡ್ಡೆ ಆಗುತ್ತೆ, ಇನ್ನೊಂದು ಕಡೆ ಬಟ್ಟೆ ದಂಡ. ಅದ್ಕೆ ಒಂದನ್ನ ನೆಟ್ಟಗೆ, ಒಂದನ್ನ ತಲೆಕೆಳಗೆ ಇಡ್ತೀವಿ. ಸಣ್ಣದರ ಪಕ್ಕ ಅಗಲ, ಅಗಲದ ಪಕ್ಕ ಸಣ್ಣದು. ಎಲ್ಲಾ ಸೇರಿ ಚೌಕ ಆಗಿಬಿಡುತ್ತೆ."

ನಾನು ಮೇಸ್ತ್ರಿಯ ಮುಖ ನೋಡಿದೆ. ಮೇಸ್ತ್ರಿ ಅವಳ ಮುಖ ನೋಡಿದ. "ನಾನೂ ಅದೇ ಕೇಳಿದ್ದು ಸಾರ್," ಎಂದ ಮೆಲ್ಲಗೆ.

"ಮತ್ತೆ ಹೇಳ್ಬಾರ್ದಿತ್ತೇನಯ್ಯಾ?"

"ಫೈಲಲ್ಲಿ ಹಾಗೇ ಇತ್ತಲ್ಲ ಸಾರ್."

ಹೆಂಡತಿ ಕೊರಳಿನ ಟೇಪು ತೆಗೆದಳು. ಗೋಡೆಯನ್ನು ಬಿಚ್ಚಿಸಿದಳು. ಪ್ರತಿ ಗಳದ ಬುಡ, ಸೊಂಟ, ತುದಿ ಮೂರನ್ನೂ ಅಳೆದಳು. "ಸೊಂಟ ಒಂದೇ ಅಳೆದು ಕೋಟು ಹೊಲಿದ್ರೆ ಎದೆ ಹತ್ರ ಗುಂಡಿ ಕಿತ್ಕೊಂಡು ಹೋಗುತ್ತೆ ಕಣ್ರೀ," ಎನ್ನುತ್ತಲೇ ಬಿಳಿ ಸೀಮೆಸುಣ್ಣದಿಂದ ಗುರುತು ಹಾಕಿದಳು. ತುದಿಗಲ್ಲ, ಮೈಮೇಲೆ! ಯಾವುದರ ಮೇಲೆ ಯಾವುದು, ಯಾರ ಬುಡದ ಮೇಲೆ ಯಾರ ತುದಿ, ಎಲ್ಲ ಅವಳೇ ಆರಿಸಿದಳು. ದಿನಾ ಬೆಳಿಗ್ಗೆ ಆರಕ್ಕೆ ಹಿತ್ತಲು, ಒಂಬತ್ತಕ್ಕೆ ಅಂಗಡಿ, ಮತ್ತೆ ಸಂಜೆ ಹಿತ್ತಲು. ಮೇಸ್ತ್ರಿ ನನ್ನ ಕಡೆ ನೋಡುವುದನ್ನೇ ಬಿಟ್ಟುಬಿಟ್ಟ. ನನಗೆ ಗಳದ ಇನ್ನೊಂದು ತುದಿ ಎತ್ತಿ ಹಿಡಿಯುವ ಕೆಲಸ ಸಿಕ್ಕಿತು. ಬಾಗಿದ ನಲವತ್ತೊಂದನ್ನು ನಾನು ಪಕ್ಕಕ್ಕೆ ಎಸೆಯಲು ಹೋದಾಗ ಅವಳು ತಡೆದಳು.

"ಅದನ್ಯಾಕೆ ಎಸೀತೀರಿ? ಕತ್ತಿನ ಪಟ್ಟಿ ಇದ್ದ ಹಾಗಿದೆ. ಬಾಗಿಲ ಮೇಲೆ ಇಡಿ."

ಇಟ್ಟೆವು. ಬಾಗಿಲಿಗೆ ಕಮಾನು ಬಂತು! ನಾನು ಕೆಂಪು ಶಾಯಿಯಲ್ಲಿ ಅನರ್ಹ ಎಂದು ಬರೆದದ್ದು ಇಡೀ ಕಟ್ಟಡದ ಮುಖವಾಗಿಬಿಟ್ಟಿತು.

ಇಪ್ಪತ್ತೊಂಬತ್ತನೇ ತಾರೀಕು ಮಧ್ಯಾಹ್ನ ಸೂರು ಮುಗಿಯಿತು. ಒಳಗೆ ನಿಂತು ತಲೆಯೆತ್ತಿ ನೋಡಿದೆ. ತೋಳಿನಷ್ಟು ದಪ್ಪದ ಬಡಪಾಯಿ ಗಳಗಳು ಒಂದಕ್ಕೊಂದು ಹೆಗಲು ಕೊಟ್ಟು ಅಷ್ಟು ದೊಡ್ಡ ಸೂರನ್ನು ಹೊತ್ತು ನಿಂತಿದ್ದವು. ಸುಲಿದ ಮರದ ಮೈ ಜೇನಿನ ಬಣ್ಣಕ್ಕೆ ಹೊಳೆಯುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ನಾನು ಕಟ್ಟಿಸಿದ ಯಾವುದರೊಳಗೂ ನಿಂತು ಹೀಗೆ ನೋಡಿದ್ದಿಲ್ಲ. ನೀರಿನ ತೊಟ್ಟಿಯೊಳಗೆ ನಿಂತು ನೋಡುವುದಾದರೂ ಏನನ್ನು? ಹೆಂಡತಿ ಹಲಗೆಯ ಮೇಲೆ ರೀಲು ಮಲಗಿಸಿದಳು. ಅದು ಅಲ್ಲಾಡಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಮರದ ಪುಡಿ ಬಿತ್ತು ಎಂದು ಹೇಳಿದೆ.

ಮೂವತ್ತಕ್ಕೆ ಆರು ಮೆಷಿನ್ನುಗಳೂ ಬಂದವು. ಐದು ಜನ ಹೆಂಗಸರು ಕೂತು ಹೊಲಿಗೆ ಶುರುಮಾಡಿದ ಹೊತ್ತಿಗೆ ಸರಿಯಾಗಿ ದೊಡ್ಡ ಸಾಹೇಬರ ಕಾರೂ ಬಂತು. ಅವರು ಕಂಬ ತಟ್ಟಿದರು, ಗೋಡೆ ಸವರಿದರು, ಕಮಾನಿನ ಕೆಳಗೆ ಎರಡು ಸಲ ಓಡಾಡಿದರು.

"ಅದ್ಭುತ! ಸಣ್ಣ ಗಳಗಳಲ್ಲಿ ಇಂಥಾ ಕೆಲಸ ನಾನು ನೋಡೇ ಇಲ್ಲ. ಇದರ ವಿನ್ಯಾಸ ಯಾರದು?"

ನಾನು ಬಾಯಿ ತೆರೆದೆ. ಮೇಸ್ತ್ರಿ ನನ್ನನ್ನೇ ನೋಡುತ್ತಿದ್ದ. ಬಾಯಿ ಮುಚ್ಚಿದೆ.

"ಎಲ್ಲಾ ಇವರದೇ ಸಾರ್," ಎಂದಳು ಹೆಂಡತಿ, ಮೆಷಿನ್ನಿನಿಂದ ತಲೆಯೆತ್ತದೆ. "ನಾನು ಸ್ವಲ್ಪ ಆಲ್ಟರೇಷನ್ ಮಾಡ್ದೆ, ಅಷ್ಟೇ."

ಅವಳು ಹಾಗೆ ಹೇಳದೆ ನಾಲ್ಕು ಬೈದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. "ಇಲ್ಲ ಸಾರ್!" ಎಂದು ಎಲ್ಲವನ್ನೂ ಒದರಿಬಿಟ್ಟೆ. ಬುಟ್ಟಿಯಲ್ಲಿ ಬಿದ್ದ ನಂಬರು, ಓಡಿಹೋದ ರೀಲು, ಸ್ಕರ್ಟಿನ ಪೀಸು, ಎಲ್ಲ! ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗಂಭೀರವಾಗಿ ಅವಳ ಕಡೆ ತಿರುಗಿದರು.

"ಅಮ್ಮಾ, ನೆಡುತೋಪಿನವರು ಇಂಥದ್ದೇ ಗಳಗಳಲ್ಲಿ ಒಂದು ಕಾವಲು ಮನೆ ಕೇಳಿದಾರೆ. ಸೋಮವಾರ ಒಂದು ಸಲ ಬಂದು ಮರ ನೋಡಿ ಹೇಳ್ತೀರಾ?"

"ಎಂಬತ್ತು ಕೋಟು ಇದೆಯಲ್ಲ ಸಾರ್. ಗುಂಡಿ ಹಾಕೋಕೆ ಕೈ ಸಾಲ್ತಾ ಇಲ್ಲ."

"ಗುಂಡಿ ನಾನು ಹಾಕ್ತೀನಿ! ಸೋಮವಾರ ರಜೆ ಹಾಕ್ತೀನಿ! ನೀನು ಹೋಗಿ ಬಾರೇ!" ಎಂದು ನಾನು ಮತ್ತೆ ಎದೆ ತಟ್ಟಿದೆ.

ಸೋಮವಾರ ಅವಳು ಸಾಹೇಬರ ಕಾರಿನಲ್ಲಿ ಹೋದಳು. ನಾನು ಕತ್ತರಿಸುವ ಮೇಜಿನ ಮೇಲೆ ಕೋಟು ಹರಡಿಕೊಂಡು ಕೂತೆ. ಗುಂಡಿ ಎಂದರೇನು? ಒಂದು ಜೋಡಣೆ! ಜೋಡಣೆ ಎಂದರೆ ಅದು ನನ್ನ ವಿದ್ಯೆ! ಆ ಹೆಂಗಸರ ತೆಳ್ಳನೆಯ ಸೂಜಿಗಳನ್ನು ಪಕ್ಕಕ್ಕಿಟ್ಟು ಗೋಣಿ ಹೊಲಿಯುವ ದಬ್ಬಳ ತರಿಸಿದೆ. ದಾರವನ್ನು ನಾಲ್ಕು ಎಳೆ ಮಾಡಿದೆ. ಒಂದೊಂದು ಗುಂಡಿಗೆ ಹನ್ನೆರಡು ಸುತ್ತು, ಮೇಲೆ ಮೂರು ಗಂಟು. ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ಕೂತಿದ್ದರು. ಮೆಚ್ಚಿಗೆಗೆ ಮಾತೇ ಹೊರಡುತ್ತಿಲ್ಲ ಎಂದುಕೊಂಡೆ.

ಸಂಜೆ ಹೆಂಡತಿ ಬಂದು ಮೇಲಿನ ಕೋಟನ್ನು ಎತ್ತಿಕೊಂಡಳು. ಗುಂಡಿಯನ್ನು ಎಳೆದು ನೋಡಿದಳು. ಮತ್ತೆ ಜೋರಾಗಿ ಎಳೆದಳು.

"ಅಬ್ಬಾ! ಕೋಟು ಹರಿದ್ರೂ ಈ ಗುಂಡಿ ಬರಲ್ಲ ಕಣ್ರೀ. ಜನ್ಮದಲ್ಲಿ ಇಷ್ಟು ಗಟ್ಟಿ ಕೆಲಸ ನೋಡಿಲ್ಲ."

ನನ್ನ ಎದೆ ಉಬ್ಬಿತು. ಅವಳು ಕೋಟನ್ನು ತಿರುಗಿಸಿ ಬೆನ್ನಿನ ಕಡೆ ನೋಡಿದಳು. ಅಲ್ಲೂ ಸಾಲಾಗಿ ಐದು ಗಂಟುಗಳಿದ್ದವು.

"ಒಂದೇ ಅನುಮಾನ," ಎಂದಳು. "ಮುಂಭಾಗಾನೂ ಬೆನ್ನೂ ಸೇರಿಸಿ ಹೊಲಿದುಬಿಟ್ಟಿದೀರಲ್ಲ, ನರ್ಸಮ್ಮ ಇದ್ರೊಳಗೆ ಹೋಗೋದು ಎಲ್ಲಿಂದ?"